ಬೆಳಿಗ್ಗೆ ಹೊತ್ತು ಮಾತ್ರ ಹೊಡೆಯುತ್ತಿದ್ದ ಮೆಷಿನ್

ನಾನು ರಿಪೇರಿ ಮಾಡಿಕೊಟ್ಟ ಮೆಷಿನ್ ಮತ್ತೆ ಕೆಟ್ಟಿದೆ ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಮೊದಲು ಬರುವುದು ಸಿಟ್ಟು. ನಾಚಿಕೆ ಬರಬೇಕಾದ ಜಾಗದಲ್ಲಿ ಸಿಟ್ಟು ಬರುತ್ತದೆ, ಅದು ನನ್ನ ಹಳೇ ಚಾಳಿ. ಹೋದ ಬೇಸಿಗೆಯಲ್ಲಿ ಹಳೇಬೀಡಿನಿಂದ ಫೋನ್ ಬಂದಾಗಲೂ ಹಾಗೇ ಆಯಿತು. ಅರಸೀಕೆರೆಯ ನನ್ನ ಅಂಗಡಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದೆ.

"ಅಣ್ಣ, ವಾಷಿಂಗ್ ಮೆಷಿನ್ನು ಮತ್ತೆ ಶಾಕ್ ಹೊಡೀತೈತೆ," ಎಂದ ಆ ಮನೆಯ ಮಗ.

"ಹೊಸ ಹೀಟರ್ ಹಾಕಿ ಹದಿನೈದು ದಿನ ಆಗಿಲ್ಲ. ಅದು ಹೆಂಗ್ರೀ ಹೊಡೀತದೆ?"

"ಹೆಂಗೆ ಅಂತ ನಂಗೇನ್ ಗೊತ್ತು? ಹತ್ತು ದಿನ ಆಯ್ತು, ಅವ್ವ ಮುಟ್ಟುದ್ಲು, ಚುರ್ ಅಂತು, ಕೈ ಎಳ್ಕೊಂಡ್ಲು. ಈಗ ಮನೇಲಿ ಆ ಮೆಷಿನ್ ಇರ್ಬೇಕು, ಇಲ್ಲ ನಾನಿರ್ಬೇಕು ಅಂತ ಕುಂತವ್ಳೆ."

ಮಿಕ್ಸಿಯನ್ನು ಪಕ್ಕಕ್ಕೆ ತಳ್ಳಿ, ನಾಳೆ ಬರುತ್ತೇನೆ ಎಂದು ಫೋನ್ ಇಟ್ಟೆ. ಅವರು ಮೆಷಿನ್ ಕೊಂಡದ್ದು ಅರಸೀಕೆರೆಯಲ್ಲಿ, ಹಾಗಾಗಿ ಕೆಟ್ಟರೆ ಅರಸೀಕೆರೆಯವನನ್ನೇ ಕರೆಯುತ್ತಾರೆ. ಒಂಬತ್ತು ವರ್ಷದ ಮೆಷಿನ್. ಮುಂದಿನಿಂದ ಬಾಗಿಲು ತೆರೆದು ಬಟ್ಟೆ ಹಾಕುವಂಥದ್ದು, ನೀರು ಕಾಯಿಸಲು ಒಳಗೇ ಹೀಟರ್ ಇರುವಂಥದ್ದು.

ಮೊದಲ ಸಲ ಏನು ಮಾಡಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ಶಾಕ್ ಹೊಡೆಯುತ್ತದೆ ಎಂದು ಆ ಮಗ ಒಂದು ವಿಡಿಯೋ ಕಳಿಸಿದ್ದ. ಮೆಷಿನ್ನಿನ ತಗಡಿಗೆ ಟೆಸ್ಟರ್ ಮುಟ್ಟಿಸಿದರೆ ಅದರೊಳಗಿನ ಪುಟ್ಟ ದೀಪ ಕೆಂಪಗೆ ಉರಿಯುತ್ತಿತ್ತು. ಅದನ್ನು ನೋಡಿದ ತಕ್ಷಣ ನನ್ನ ತಲೆಯಲ್ಲಿ ತೀರ್ಪು ಬರೆದಾಗಿತ್ತು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಹೀಟರ್ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟಿಕೊಳ್ಳುತ್ತದೆ, ಕೊನೆಗೆ ಹೀಟರ್ ಬಿರುಕು ಬಿಟ್ಟು ಮೆಷಿನ್ನಿನ ಮೈಗೆ ಕರೆಂಟು ಸೋರುತ್ತದೆ. ಇಂಥವು ಎಷ್ಟು ನೋಡಿಲ್ಲ! ಹೋಗಿ ಹಿಂದಿನ ತಗಡು ಬಿಚ್ಚಿದೆ. ಹೀಟರ್ ಮೇಲೆ ಪದರ ಇತ್ತು. ಮೀಟರ್ ಹಿಡಿದು ಅಳೆದರೆ ಇಪ್ಪತ್ತಾರು ಓಮ್, ಸರಿಯಾಗಿಯೇ ಇತ್ತು. ತಗಡಿಗೂ ಅದಕ್ಕೂ ನಡುವೆ ಸೋರಿಕೆಯೂ ಕಾಣಲಿಲ್ಲ. ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದಾಗ ಸೋರುವ ಹೀಟರುಗಳೂ ಉಂಟು ಎಂದು ನನಗೆ ನಾನೇ ಹೇಳಿಕೊಂಡು ಹೊಸದು ಹಾಕಿದೆ. ಒಂದು ಸಲ ಪೂರ್ತಿ ಓಡಿಸಿದೆ. ಟೆಸ್ಟರ್ ಇಟ್ಟೆ. ಉರಿಯಲಿಲ್ಲ. ಕಾಫಿ ಕುಡಿದು ಬಂದೆ. ಹೀಟರ್ ಬದಲಿಸುವ ಮುಂಚೆ ಟೆಸ್ಟರ್ ಉರಿಯುತ್ತಿತ್ತೇ ಎಂದು ನಾನು ನೋಡಿರಲೇ ಇಲ್ಲ. ರೋಗವನ್ನು ಕಣ್ಣಾರೆ ನೋಡದೆ ಔಷಧಿ ಕೊಟ್ಟಿದ್ದೆ.

ಎರಡನೇ ಸಲ ಹೋದದ್ದು ಮಧ್ಯಾಹ್ನ ಎರಡರ ಸುಮಾರಿಗೆ. ಬಸ್ತಿಹಳ್ಳಿಯ ಕಡೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಕ್ಕೆ ಅಂಟಿಕೊಂಡ ಮನೆ. ಮುಂದೆ ಜಗಲಿ, ಜಗಲಿಯಿಂದ ಅಂಗಳಕ್ಕೆ ಐದು ಮೆಟ್ಟಿಲು. ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಮೆಷಿನ್ ಇತ್ತು. ಆ ಮನೆಯ ಅತ್ತೆ, ಅಂದರೆ ಫೋನ್ ಮಾಡಿದ ಮಗನ ತಾಯಿ, ಅದರ ಪ್ಲಗ್ ಕಿತ್ತು, ವೈರನ್ನು ಸುತ್ತಿ ಮೇಲಿಟ್ಟು, ಗೋಣಿಚೀಲ ಹೊದಿಸಿದ್ದರು.

"ನಾಳಿದ್ದು ಗುಜರಿಯೋನು ಬತ್ತಾನೆ. ಹೇಳಿ ಕಳ್ಸಿದೀನಿ," ಎಂದರು. ಎಪ್ಪತ್ತರ ಆಸುಪಾಸಿನ ಹೆಂಗಸು. ಮಂಡಿನೋವು, ಆದರೆ ನಾಲಿಗೆಗೆ ಯಾವ ನೋವೂ ಇರಲಿಲ್ಲ. "ನೀನು ಬಂದು ಅದ್ರ ಮುಂದೆ ಕುಂತ್ರೆ ಸಾಧು ಹಸೀನಂಗೆ ಇರ್ತೈತೆ. ನೀನ್ ಅತ್ತ ಹೋಗು, ಇತ್ತ ಒದೀತೈತೆ."

ಸೊಸೆ, ಅಂದರೆ ಆ ಮಗನ ಹೆಂಡತಿ, ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ನಲವತ್ತರ ಹೆಣ್ಣುಮಗಳು. ಹಾಸನದಲ್ಲಿ ಗರ್ಭಕೋಶದ ಆಪರೇಷನ್ ಆಗಿ ಒಂದೂವರೆ ತಿಂಗಳಾಗಿತ್ತು. ಮೂರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಮೆಷಿನ್ ನಿಂತ ಮೇಲೆ ಮಗನೇ ಹಿತ್ತಿಲ ಕಲ್ಲಿನ ಮೇಲೆ ಒಗೆಯುತ್ತಿದ್ದ. ಅವನು ಒಗೆದ ಬಟ್ಟೆಯಲ್ಲಿ ಸೋಪು ಹಾಗೇ ಇರುತ್ತಿತ್ತಂತೆ. ಅದಕ್ಕೆ ಹೋದ ವಾರ ಯಾರೂ ಇಲ್ಲದಾಗ ಈಕೆ ಎರಡು ಹೊದಿಕೆಗಳನ್ನು ಮತ್ತೆ ಜಾಲಿಸಲು ಹೋಗಿ, ಹೊಟ್ಟೆ ಹಿಡಿದುಕೊಂಡು ಎರಡು ದಿನ ಮಲಗಿದ್ದರು.

"ಅಣ್ಣ, ಅದು ಬೆಳಿಗ್ಗೆ ಹೊತ್ತು ಮಾತ್ರ ಹೊಡೆಯೋದು," ಎಂದರು ಸೊಸೆ. "ಮಧ್ಯಾಹ್ನದ ಮೇಲೆ ಏನೂ ಇರಲ್ಲ."

"ಕರೆಂಟಿಗೆ ಬೆಳಿಗ್ಗೆ ಮಧ್ಯಾಹ್ನ ಅಂತ ಇರಲ್ಲಕ್ಕ," ಎಂದೆ. ಹೇಳಿದ ರೀತಿಯೂ ಚೆನ್ನಾಗಿರಲಿಲ್ಲ, ಮಗುವಿಗೆ ಹೇಳಿದ ಹಾಗಿತ್ತು.

ಗೋಣಿಚೀಲ ತೆಗೆದು ಎಲ್ಲವನ್ನೂ ಮತ್ತೆ ನೋಡಿದೆ. ಪ್ಲಗ್ಗಿನ ಮೂರೂ ಪಿನ್ನಿಗೆ ವೈರು ಸರಿಯಾಗಿ ಕಚ್ಚಿತ್ತು. ಹೊಸ ಹೀಟರ್ ಸರಿಯಾಗಿತ್ತು. ಮೋಟಾರು, ನೀರು ಹೊರಹಾಕುವ ಪಂಪು, ಬಾಗಿಲ ಬೀಗ, ಒಂದೊಂದನ್ನೇ ಕಳಚಿ ಅಳೆದೆ. ಎಲ್ಲೂ ಸೋರಿಕೆ ಇಲ್ಲ. ಮೆಷಿನ್ ಖಾಲಿ ಓಡಿಸಿದರೆ ನೀರು ತುಂಬಿಕೊಂಡು, ತಿರುಗಿ, ಸುಮ್ಮನೆ ನಿಂತಿತು. ಟೆಸ್ಟರ್ ಉರಿಯಲಿಲ್ಲ. ಮೂರು ಗಂಟೆ ಒದ್ದಾಡಿದ ಮೇಲೆ ನನ್ನ ಸಿಟ್ಟು ಮೆಷಿನ್ನಿನ ಮೇಲೆ ತಿರುಗಿತು. ಸಿಕ್ಕದ ದೋಷ ಇರುವ ಹಳೇ ಸಾಮಾನನ್ನು ಒಂದು ಮನೆಯಲ್ಲಿ ಬಿಟ್ಟು ಬರುವುದು ಸರಿಯಲ್ಲ, ಅದೂ ಒದ್ದೆ ಕೈಯಲ್ಲಿ ಮುಟ್ಟುವಂಥದ್ದನ್ನು.

"ಇದಕ್ಕೆ ಇನ್ನು ಕೈ ಹಾಕೋದು ಬೇಡ. ಗುಜರಿಗೆ ಕೊಡಿ. ಹೊಸದು ತಗೊಳ್ಳಿ," ಎಂದುಬಿಟ್ಟೆ.

"ನಾನ್ ಹೇಳ್ಲಿಲ್ವ?" ಎಂದರು ಅತ್ತೆ.

"ಆಗ್ಲಿ ಬಿಡಿ," ಎಂದ ಮಗ. "ಹೊಸದು ಕೊಬ್ಬರಿ ಬಿಟ್ಟ ಮೇಲೆ ನೋಡಾಣ."

ಕೊಬ್ಬರಿ ಅಟ್ಟದಲ್ಲಿ ಒಣಗುತ್ತಿತ್ತು. ಅದು ಮಾರುಕಟ್ಟೆಗೆ ಹೋಗಲು ಇನ್ನೂ ತಿಂಗಳುಗಟ್ಟಲೆ ಇತ್ತು. ಸೊಸೆ ಮೂಲೆಯಲ್ಲಿದ್ದ ಮೈಲಿಗೆ ಬಟ್ಟೆಯ ಗಂಟನ್ನು ಒಂದು ಸಲ ನೋಡಿ ಒಳಗೆ ಹೋದರು. ಆ ನೋಟ ನನಗೆ ಬೇಡವಾಗಿತ್ತು.

ವಾಪಸು ಬರುವಾಗ ಜಾವಗಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಟೀ ಹೇಳಿದೆ. ಟೀ ರುಚಿಸಲಿಲ್ಲ. ಸುಮ್ಮನೆ ಫೋನ್ ತೆಗೆದು ಆ ಮಗ ಕಳಿಸಿದ್ದ ಹಳೇ ವಿಡಿಯೋ ಮತ್ತೆ ನೋಡಿದೆ. ಟೆಸ್ಟರ್ ಕೆಂಪಗೆ ಉರಿಯುತ್ತಿದೆ. ಮೆಷಿನ್ನಿನ ಮೇಲೆ ಕಿಟಕಿಯಿಂದ ಎಳೆಬಿಸಿಲು ಬಿದ್ದಿದೆ. ಆ ಕಿಟಕಿ ಪೂರ್ವಕ್ಕೆ. ಅಂದರೆ ಬೆಳಿಗ್ಗೆ. ನಾನು ಹೋದ ಎರಡು ಸಲವೂ ಮಧ್ಯಾಹ್ನ. ದಿನಾ ಆ ಮೆಷಿನ್ ಮುಟ್ಟುವ ಹೆಂಗಸು ಕೈಯಾರೆ ಕಂಡದ್ದನ್ನು ನಾಲ್ಕು ಮಾತಲ್ಲಿ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ಅಲ್ಲೇ, ಆ ಬೆಂಚಿನ ಮೇಲೆ, ನನಗೆ ನಿಜವಾಗಿ ನಾಚಿಕೆಯಾಯಿತು.

ಆ ಮಗನಿಗೆ ಫೋನ್ ಹಚ್ಚಿದೆ. "ಗುಜರಿಯವರಿಗೆ ಕೊಡಬೇಡಿ. ನಾಳೆ ಬೆಳಿಗ್ಗೆ ಬರ್ತೀನಿ. ದಿನಾ ಹೆಂಗೆ ಇರ್ತೀರೋ ಹಂಗೇ ಇರಿ, ಏನನ್ನೂ ಆಫ್ ಮಾಡಬೇಡಿ. ಮೆಷಿನ್ ಪ್ಲಗ್ ಹಾಕಿಡಿ, ಆದ್ರೆ ಯಾರೂ ಮುಟ್ಟಬೇಡಿ."

ಮರುದಿನ ಐದೂವರೆಗೆ ಅರಸೀಕೆರೆ ಬಿಟ್ಟು ಏಳಕ್ಕೆ ಮುಂಚೆ ಅವರ ಬಾಗಿಲಲ್ಲಿದ್ದೆ. ಅತ್ತೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಏನಪ್ಪ, ನೆನ್ನೆ ಸತ್ತೋಯ್ತು ಅಂದೆ. ಇವತ್ತು ತಿಥಿ ಮಾಡಾಕ್ ಬಂದ್ಯಾ?"

ಸೀದಾ ಹಿಂದಕ್ಕೆ ಹೋಗಿ ಮೆಷಿನ್ನಿಗೆ ಟೆಸ್ಟರ್ ಇಟ್ಟೆ. ಕೆಂಪಗೆ ಉರಿಯಿತು. ಹದಿನೈದು ದಿನದಲ್ಲಿ ಮೊದಲ ಸಲ ನಾನು ಆ ರೋಗದ ಮುಖ ನೋಡಿದ್ದೆ. ನನಗೆ ಸಂತೋಷವೇ ಆಯಿತು. ಇನ್ನೂ ಒಂದು ವಿಷಯ ಕಂಡಿತು. ಮೆಷಿನ್ನಿನ ಸ್ವಿಚ್ ಆಫ್ ಆಗಿತ್ತು. ಸ್ವಿಚ್ ಆಫ್ ಇದ್ದರೂ ಮೈಯಲ್ಲಿ ಕರೆಂಟಿತ್ತು.

ಪ್ಲಗ್ ಕಿತ್ತೆ. ಟೆಸ್ಟರ್ ಆರಿತು. ಈಗ ಆ ಟೆಸ್ಟರನ್ನು ಗೋಡೆಯ ಸಾಕೆಟ್ಟಿನಲ್ಲಿ ಮೇಲಿರುವ ದೊಡ್ಡ ತೂತಿಗೆ ಹಾಕಿದೆ. ಅದು ಅರ್ಥ್ ತೂತು. ಅಲ್ಲಿ ಕರೆಂಟು ಎಂದೂ ಇರಬಾರದು. ಎಲ್ಲಾದರೂ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಇರುವ ದಾರಿ ಅದು. ಟೆಸ್ಟರ್ ಉರಿಯಿತು.

ಮೆಷಿನ್ ಪಾಪದ್ದು. ಮನೆಯಲ್ಲಿ ಇನ್ನಾವುದೋ ಸೋರುತ್ತಿದೆ, ಅದು ಅರ್ಥ್ ವೈರಿನಲ್ಲಿ ಸುತ್ತಿಕೊಂಡು ಬಂದು ಮೆಷಿನ್ನಿನ ತಗಡಿಗೆ ಏರುತ್ತಿದೆ. ಮಗನನ್ನು ಕರೆದು, ನಾನು ಟೆಸ್ಟರ್ ಹಿಡಿದುಕೊಂಡಿರುತ್ತೇನೆ, ನೀವು ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಬನ್ನಿ ಎಂದೆ.

"ಫ್ರಿಜ್ಜು," ಎಂದು ಅಡುಗೆಮನೆಯಿಂದ ಕೂಗಿದ. ಉರಿಯುತ್ತಲೇ ಇತ್ತು.

"ನೀರಿನ ಮೋಟ್ರು." ಇಲ್ಲ.

"ಟೀವಿ." ಇಲ್ಲ.

"ಗೀಜರ್ರು." ಟೆಸ್ಟರ್ ಆರಿತು. ಮತ್ತೆ ಹಾಕಿಸಿದೆ, ಉರಿಯಿತು. ತೆಗೆಸಿದೆ, ಆರಿತು. ಮೂರು ಸಲ ಮಾಡಿಸಿದೆ.

ಗಡಸು ನೀರು ಹೀಟರನ್ನು ತಿಂದದ್ದು ನಿಜ. ಆದರೆ ಅದು ಬಚ್ಚಲಮನೆಯ ಗೀಸರಿನ ಹೀಟರ್. ಗೀಸರಿನ ಹೊರಮೈ ಪ್ಲಾಸ್ಟಿಕ್, ನೀರಿನ ಪೈಪೂ ಪ್ಲಾಸ್ಟಿಕ್, ಹಾಗಾಗಿ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಫ್ರಿಜ್ಜಿನ ಹಿಡಿಯೂ ಪ್ಲಾಸ್ಟಿಕ್ಕೇ, ಅದನ್ನು ಒದ್ದೆ ಕೈಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಸೊಸೆಯ ಸ್ನಾನಕ್ಕೆಂದು ಅತ್ತೆ ಬೆಳಿಗ್ಗೆ ಆರಕ್ಕೇ ಗೀಸರ್ ಹಾಕಿಡುತ್ತಿದ್ದರು. ಒಂಬತ್ತಕ್ಕೆ ಎಲ್ಲರ ಸ್ನಾನ ಮುಗಿದು ಆಫ್ ಆಗುತ್ತಿತ್ತು. ಬೆಳಿಗ್ಗೆ ಹೊತ್ತು ಮಾತ್ರ.

"ಹಂಗಾದ್ರೆ ಅವತ್ತು ಹಾಕಿದ್ ಹೀಟ್ರು?" ಎಂದು ಕೇಳಿದ ಮಗ.

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅಂಥ ಮಾತುಗಳು ನಮ್ಮ ಕಸುಬಿನಲ್ಲಿ ಬೇಕಾದಷ್ಟಿವೆ. "ಬೇಕಿರಲಿಲ್ಲ," ಎಂದೆ. "ಹಳೇದು ಚೆನ್ನಾಗೇ ಇತ್ತು. ನಾನು ನೋಡದೆ ಬದಲಾಯಿಸ್ದೆ. ಅಕ್ಕ ಬೆಳಿಗ್ಗೆ ಬೆಳಿಗ್ಗೆ ಅಂತ ಹೇಳಿದ್ದನ್ನೂ ಕೇಳಲಿಲ್ಲ. ತಪ್ಪು ನಂದೇ."

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹೊಲಿಗೆ ಎಳೆಯುತ್ತದೆಂದು ಹೊಟ್ಟೆಯನ್ನೂ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಅತ್ತೆ ಮಾತ್ರ ನಗಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳ್ದಂಗಾಯ್ತಲ್ಲಪ್ಪ ನಿನ್ನ ರಿಪೇರಿ," ಎಂದರು. ಒಪ್ಪಿಕೊಂಡೆ.

ಗೀಸರಿಗೆ ಹೊಸ ಹೀಟರ್ ಹಾಕಿ ಅಲ್ಲಿಗೇ ಎದ್ದು ಬರಬಹುದಿತ್ತು. ಮಗನೂ ಅದನ್ನೇ ಹೇಳಿದ. ಆದರೆ ನನಗೆ ಸಮಾಧಾನವಾಗಲಿಲ್ಲ. ಗೀಸರ್ ಸೋರಿದರೂ ಆ ಕರೆಂಟು ಅರ್ಥ್ ವೈರಿನಲ್ಲಿ ನೆಲಕ್ಕೆ ಇಳಿದುಹೋಗಬೇಕಿತ್ತು. ಇಳಿಯದೆ ಮನೆಯೊಳಗೇ ಏಕೆ ಸುತ್ತುತ್ತಿದೆ? ಇವತ್ತು ಗೀಸರ್, ನಾಳೆ ಫ್ರಿಜ್ಜು. ಮೆಷಿನ್ ಇಲ್ಲಿ ಇರಬಹುದೋ ಬೇಡವೋ ಎಂಬುದನ್ನು ಈಗ ಮೆಷಿನ್ನಿಗಿಂತ ನೆಲ ಹೇಳಬೇಕಿತ್ತು.

ಮನೆಯ ಎಲ್ಲ ಪ್ಲಗ್ಗುಗಳನ್ನೂ ಕೀಳಿಸಿ, ಯಾರೂ ಯಾವುದನ್ನೂ ಮುಟ್ಟಬಾರದು ಎಂದು ಹೇಳಿ, ನನ್ನ ಹಳೇ ಟೆಸ್ಟ್ ಲ್ಯಾಂಪ್ ತೆಗೆದೆ. ಹೋಲ್ಡರಿಗೆ ಎರಡು ಉದ್ದ ವೈರು ಕಟ್ಟಿದ ನೂರು ವಾಟಿನ ಗುಂಡು ಬಲ್ಬು, ಅಷ್ಟೇ. ಸಾಕೆಟ್ಟಿನ ಎರಡು ಸಣ್ಣ ತೂತುಗಳಿಗೆ ಕೊಟ್ಟರೆ ಝಗ್ಗನೆ ಹತ್ತಿತು. ಒಂದು ವೈರನ್ನು ತೆಗೆದು ಅರ್ಥ್ ತೂತಿಗೆ ಕೊಟ್ಟೆ. ಅರ್ಥ್ ಚೆನ್ನಾಗಿದ್ದರೆ ಅಷ್ಟೇ ಬೆಳಕು ಬರಬೇಕು. ಬಲ್ಬಿನೊಳಗಿನ ತಂತಿ ಬೀಡಿಯ ಕೆಂಡದಷ್ಟೂ ಕೆಂಪಾಗಲಿಲ್ಲ.

ಮೀಟರ್ ಬೋರ್ಡಿನಿಂದ ಇಳಿದ ಅರ್ಥ್ ತಂತಿಯನ್ನು ಹಿಡಿದುಕೊಂಡು ಹೊರಟೆ. ಗೋಡೆಗುಂಟ ಬಂದು, ಜಗಲಿ ಇಳಿದು, ಅಂಗಳದಲ್ಲಿ ಒಂದು ಕಬ್ಬಿಣದ ಪೈಪಿಗೆ ಸೇರಿತ್ತು. ಪೈಪು ನೆಲದೊಳಕ್ಕೆ ಹೋಗಿದ್ದ ಜಾಗದ ಪಕ್ಕದಲ್ಲೇ ತುಳಸಿಕಟ್ಟೆ. ಕಟ್ಟೆ ಖಾಲಿ. ಒಳಗಿನ ಮಣ್ಣು ಬಿರುಕು ಬಿಟ್ಟಿತ್ತು.

ಆ ಮನೆಗೆ ವೈರಿಂಗ್ ಮಾಡಿದ ಹಳೇ ಕಾಲದ ವೈರ್‌ಮನ್ ಯಾರೋ ನನಗೆ ಗೊತ್ತಿಲ್ಲ, ಆದರೆ ಅವನಿಗೆ ಬುದ್ಧಿಯಿತ್ತು. ಅರ್ಥ್ ಪೈಪಿನ ಸುತ್ತ ಮಣ್ಣು ಸದಾ ಹಸಿಯಾಗಿರಬೇಕು. ಅದಕ್ಕೆ ನೀರು ಹಾಕಿ ಎಂದು ಹೇಳಿ ಹೋದರೆ ಯಾರೂ ಹಾಕುವುದಿಲ್ಲ. ತುಳಸಿಗೆ ಮಾತ್ರ ಯಾವ ಮನೆಯಲ್ಲೂ ನೀರು ತಪ್ಪುವುದಿಲ್ಲ.

"ಇಲ್ಲಿದ್ದ ಗಿಡ ಏನಾಯ್ತು?" ಎಂದು ಕೇಳಿದೆ.

ಮಗ ಜಗಲಿಯ ಕಡೆ ಕೈ ತೋರಿಸಿದ. ಅತ್ತೆ ಕೂತಿದ್ದಲ್ಲೇ, ಕಂಬದ ಪಕ್ಕ, ಪೇಂಟಿನ ಡಬ್ಬದಲ್ಲಿ ತುಳಸಿ ಸೊಂಪಾಗಿತ್ತು. ದಿನಾ ನೀರು ಹಾಕುತ್ತಿದ್ದವರು ಸೊಸೆ. ಆಪರೇಷನ್ ಆದ ಮೇಲೆ ಆಕೆ ಕೊಡ ಎತ್ತುವ ಹಾಗಿಲ್ಲ. ಅತ್ತೆಯ ಮಂಡಿಗೆ ಐದು ಮೆಟ್ಟಿಲು ಇಳಿದು ಹತ್ತಲು ಆಗದು. ತಾನು ನೀರು ಹಾಕದಿದ್ದರೆ ಸೊಸೆ ಸುಮ್ಮನಿರುವುದಿಲ್ಲ, ಕದ್ದಾದರೂ ಕೊಡ ಎತ್ತುತ್ತಾಳೆ ಎಂದು ಅತ್ತೆಯೇ ಗಿಡವನ್ನು ಕೀಳಿಸಿ ಜಗಲಿಗೆ ತರಿಸಿದ್ದರು. ಒಂದೂವರೆ ತಿಂಗಳಿಂದ ಆ ಪೈಪಿನ ಬುಡಕ್ಕೆ ಒಂದು ತೊಟ್ಟು ನೀರು ಬಿದ್ದಿರಲಿಲ್ಲ, ಅದೂ ಬೇಸಿಗೆ.

"ಅಮ್ಮಾರೆ, ದೋಷ ಮೆಷಿನ್ನಲ್ಲಿಲ್ಲ, ನೆಲದಲ್ಲೈತೆ," ಎಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

"ಈ ಸಲ ನೆಲಾನೇ ಡೊಂಕು. ತೋರಿಸ್ತೀನಿ, ಅಲ್ಲೇ ಕೂತು ನೋಡಿ."

ಬಲ್ಬಿನ ವೈರನ್ನು ಉದ್ದ ಮಾಡಿ ಜಗಲಿಯ ಮೇಲೆ ಅವರಿಗೆ ಕಾಣುವ ಹಾಗೆ ಇಟ್ಟೆ. ಮತ್ತೆ ಕರೆಂಟು ಬರುವ ಫೇಸ್ ತೂತಿಗೂ ಅರ್ಥಿಗೂ ಕೊಟ್ಟರೆ ಬಲ್ಬು ಕಪ್ಪಗೇ ಇತ್ತು. ಕರೆಂಟು ತೆಗೆದು, ಪೈಪಿನ ಬುಡಕ್ಕೆ ಒಂದು ಕೊಡ ನೀರು ಹಾಕಿ ಎಂದು ಮಗನಿಗೆ ಹೇಳಿದೆ. ಬಿರುಕು ಬಿಟ್ಟ ಮಣ್ಣು ಗುಳುಗುಳು ಎಂದು ಕುಡಿಯಿತು. ಇನ್ನೊಂದು ಕೊಡ. ಮತ್ತೂ ಎರಡು. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಹಾಕಿದೆ. ಬಲ್ಬಿನ ತಂತಿ ಕೆಂಪಾಯಿತು. ಇನ್ನೂ ನಾಲ್ಕು ಕೊಡ ಇಳಿದ ಮೇಲೆ ಹಳದಿಯಾಗಿ ಉರಿಯಿತು.

ಅತ್ತೆ ಬಲ್ಬು ನೋಡಿದರು, ಪಕ್ಕದ ಪೇಂಟಿನ ಡಬ್ಬ ನೋಡಿದರು, ಖಾಲಿ ಕಟ್ಟೆ ನೋಡಿದರು. ಅವರಿಗೆ ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಸೊಪ್ಪಿನ ಮೊರ ಮಡಿಲಿಂದ ಕೆಳಗಿಟ್ಟರು.

"ಹಂಗಾದ್ರೆ ನಾನೇ ಅಲ್ವೇನಪ್ಪ ಮಾಡಿದ್ದು? ಗಿಡ ಕೀಳಿಸ್ದೋಳು ನಾನು."

ಅಷ್ಟು ಹೊತ್ತು ಬಾಯಿಗೆ ಬಂದ ಹಾಗೆ ಬೈಸಿಕೊಂಡಿದ್ದ ನನಗೆ ಆಗ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ. ಸಂಕಟವಾಯಿತು. "ಗೀಸರ್ ಕೆಟ್ಟಿದ್ದು ನೀರಿನಿಂದ ಅಮ್ಮಾರೆ. ನಿಮ್ಮಿಂದಲ್ಲ," ಎಂದೆ.

"ನಂಗೋಸ್ಕರ ತಾನೇ ಅತ್ತೆ ನೀವು ಕೀಳಿಸಿದ್ದು," ಎಂದರು ಸೊಸೆ ಒಳಗಿನಿಂದ ಬಂದು.

"ಸುಮ್ಕಿರವ್ವ ನೀನು. ನಿಂತ್ಕಬ್ಯಾಡ, ಕುಂತ್ಕ."

ಮೆಷಿನ್ ಉಳಿಸುವುದೆಂದು ಅಲ್ಲಿ ತೀರ್ಮಾನವಾಯಿತು. ಮಗ ಎದ್ದು ಹಾರೆ ತಂದ. ಗಿಡವನ್ನು ಮತ್ತೆ ಕಟ್ಟೆಗೇ ಇಡಿಸೋಣ ಎಂದರು ಅತ್ತೆ. ಗಿಡ ನಿಮಗೆ ಅನುಕೂಲವಾದ ಕಡೆ ಇರಲಿ, ಒಂದು ಮನೆಯ ಜೀವವನ್ನು ತುಳಸಿಯ ನೀರಿನ ಮೇಲೆ ಬಿಡುವುದು ಬೇಡ ಎಂದೆ. ಹಳೇ ಪೈಪು ಅಲುಗಿಸಿದರೆ ಬುಡದಲ್ಲಿ ತುಕ್ಕು ತಿಂದು ಸಣ್ಣಗಾಗಿತ್ತು.

ಅಂಗಳದ ಇನ್ನೊಂದು ಪಕ್ಕದಲ್ಲಿ ಆಳೆತ್ತರದ ಗುಂಡಿ ತೋಡಿದೆವು. ಮೇಲಿನ ಎರಡಡಿ ಮೆತ್ತಗಿತ್ತು, ಆಮೇಲೆ ಜಲ್ಲಿಮಣ್ಣು. ಅಂಗೈಯಲ್ಲಿ ಬೊಬ್ಬೆ ಎದ್ದವು. ಪೈಪು ಮತ್ತು ಗೀಸರಿನ ಹೀಟರನ್ನು ಹಳೇಬೀಡಿನ ಅಂಗಡಿಯಲ್ಲೇ ತಂದೆ. ಕರೆಂಟು ಸೋರಿದ ಕೂಡಲೇ ತಾನೇ ಬೀಳುವ ಸ್ವಿಚ್ಚು ಇದ್ದದ್ದು ಒಂದೇ ಒಂದು, ಅದನ್ನೂ ತಂದೆ. ತೇವ ಹಿಡಿದಿಡಲು ಗುಂಡಿಗೆ ತುಂಬುವ ಇದ್ದಿಲು ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದರೆ ಅತ್ತೆ ನಕ್ಕರು. ಹಿತ್ತಿಲಲ್ಲಿ ಮೂಟೆಗಟ್ಟಲೆ ತೆಂಗಿನ ಕರಟ ಇತ್ತು. ಅವರೇ ಹೇಳಿಕೊಟ್ಟ ಹಾಗೆ ಮಗ ಅದನ್ನು ಸುಟ್ಟು, ಬೂದಿಯಾಗುವ ಮುಂಚೆ ನೀರು ಚಿಮುಕಿಸಿ, ಕರಿ ಮಿಂಚುವ ಇದ್ದಿಲು ಮಾಡಿದ. ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಹೀಗೆ ಪೈಪಿನ ಸುತ್ತ ತುಂಬಿಸಿ ಬಾಯಿಗೆ ಒಂದು ಆಲಿಕೆ ಕೂರಿಸಿದೆ. ಜಗಲಿಯ ಮೇಲೆ ಕೂತೇ ನೀರು ಬಿಡಲು ಬರುವ ಹಾಗೆ ಅದಕ್ಕೊಂದು ಉದ್ದ ಪೈಪು ಎಳೆದೆ.

ಅರ್ಥ್ ತಂತಿಯನ್ನು ಹೊಸ ಪೈಪಿಗೆ ಬಿಗಿದು, ಗೀಸರಿಗೆ ಹೀಟರ್ ಕೂರಿಸಿ, ಎಲ್ಲ ಮುಗಿಯುವಾಗ ನಾಲ್ಕು ಗಂಟೆ. ಟೆಸ್ಟ್ ಲ್ಯಾಂಪ್ ಈಗ ಎರಡೂ ಕಡೆ ಒಂದೇ ಸಮ ಹತ್ತಿತು. ಆಮೇಲೆ ಬೋರ್ಡಿಗೆ ಹೊಸ ಸ್ವಿಚ್ಚು ಕೂರಿಸಿ ಅದರ ಪರೀಕ್ಷೆಯ ಗುಂಡಿ ಒತ್ತಿದೆ. ಟಪ್ಪೆಂದು ಬಿತ್ತು. ಮತ್ತೆ ಎತ್ತಿ, ಗೀಸರ್ ಹಾಕಿ, ಫ್ರಿಜ್ಜು ಹಾಕಿ, ಬೆಳಗಿನ ಹೊತ್ತಿನ ಹಾಗೇ ಮನೆಯನ್ನೆಲ್ಲ ಎಬ್ಬಿಸಿ, ಮೆಷಿನ್ನಿನ ಪ್ಲಗ್ ಹಾಕಿದೆ. ಟೆಸ್ಟರ್ ಸತ್ತ ಹಾಗಿತ್ತು. ಮೂಲೆಯ ಬಟ್ಟೆಗಂಟನ್ನು ಮಗ ಒಳಗೆ ತುಂಬಿದ. ನೀರು ಸುರಿಯುವ ಸದ್ದು ಬಂತು, ಡ್ರಮ್ಮು ತಿರುಗಿತು.

ಸೊಸೆ ಹತ್ತಿರ ಬಂದರು. ಅಷ್ಟು ದಿನ ಆ ಮೆಷಿನ್ನಿಗಾಗಿ ಕಾದಿದ್ದವರು ಅವರೇ. ಆದರೂ ಕೈ ಅರ್ಧಕ್ಕೆ ನಿಂತಿತು. ಒಂದು ಸಲ ಮೊಣಕೈವರೆಗೂ ಹೊಡೆಸಿಕೊಂಡ ಕೈ ಅದು. ನಾನು ಬಾಯಲ್ಲಿ ಎಷ್ಟು ಧೈರ್ಯ ಹೇಳಿದರೂ ಆ ಕೈಗೆ ಕೇಳಿಸುವ ಹಾಗಿರಲಿಲ್ಲ. ನಾನೇ ಮುಟ್ಟಿ ತೋರಿಸೋಣ ಎಂದು ಮುಂದೆ ಬಗ್ಗಿದೆ.

"ನೀನ್ ಮುಟ್ಟಿದ್ರೆ ಏನ್ ಬಂತು? ರಬ್ಬರ್ ಮೆಟ್ಟು ಮೆಟ್ಕೊಂಡು ನಿಂತಿದೀಯ," ಎಂದರು ಹಿಂದಿನಿಂದ ಅತ್ತೆ.

ಗೋಡೆ ಹಿಡಿದುಕೊಂಡು ಬಂದರು. ಬರಿಗಾಲು. ಒದ್ದೆ ನೆಲ. ಸೊಸೆಯನ್ನು ಮೊಣಕೈಯಿಂದ ಹಿಂದಕ್ಕೆ ಸರಿಸಿದರು. ಬಕೆಟ್ಟಿನಲ್ಲಿ ಕೈ ಅದ್ದಿ, ನೀರು ತೊಟ್ಟಿಕ್ಕುತ್ತಿದ್ದ ಅಂಗೈಯನ್ನು ಪೂರ್ತಿ ಆ ತಗಡಿನ ಮೇಲೆ ಊರಿದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಮೆಷಿನ್ ಬೇಡ ಬೇಡ ಎಂದು ಹದಿನೈದು ದಿನ ಕೂಗಾಡಿದ ಈ ಮುದುಕಿಗೆ ಹೆದರಿಕೆ ಯಾರ ಬಗ್ಗೆ ಇತ್ತು ಎಂಬುದು ನನಗೆ ಆಗ ಗೊತ್ತಾಯಿತು.

ಏನೂ ಆಗಲಿಲ್ಲ. ಕಣ್ಣು ತೆರೆದರು. ಕೈ ಮಾತ್ರ ತೆಗೆಯಲಿಲ್ಲ. ಬಟ್ಟೆ ಒಗೆದು, ನೀರು ಬದಲಾಗಿ, ಕೊನೆಗೆ ಮೆಷಿನ್ ಗಡಗಡ ಎಂದು ಹಿಂಡುವಾಗಲೂ, ಮಗ ತಂದಿಟ್ಟ ಸ್ಟೂಲಿನ ಮೇಲೆ ಕೂತು ಕೈ ಅಲ್ಲೇ ಇಟ್ಟುಕೊಂಡಿದ್ದರು. ಅದು ನಿಂತ ಮೇಲೆ ಸೊಸೆಯ ಕಡೆ ತಿರುಗಿದರು.

"ಏನಿಲ್ಲ ಕಣವ್ವ. ಹೋಗು, ಮಲಕ್ಕೋ. ಜಗಲೀಲಿ ಹಗ್ಗ ಕಟ್ಸಿ ನಾನೇ ಒಣಗಾಕ್ತೀನಿ."